ಲೆಕ್ಕಕ್ಕೆ ಬಾರದ ಒಂದು ಎಸೆತ: ಆಡಮ್ ಗ್ರೀನ್‌ಬರ್ಗ್ ಪ್ರಕರಣ

2005ರ ಜುಲೈಯಿಂದ 2012ರ ಅಕ್ಟೋಬರ್‌ವರೆಗೆ, ಏಳು ವರ್ಷಕ್ಕೂ ಹೆಚ್ಚು ಕಾಲ, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ದಾಖಲೆಯಲ್ಲಿ ಆಡಮ್ ಗ್ರೀನ್‌ಬರ್ಗ್ ಎಂಬ ಹೆಸರಿನ ಮುಂದೆ ಹೀಗಿತ್ತು: ಆಡಿದ ಪಂದ್ಯ 1, ಬ್ಯಾಟಿಂಗ್ ಯತ್ನ 0. ಅವರು ಬ್ಯಾಟ್ ಹಿಡಿದು ನಿಂತಿದ್ದರು, ಎದುರಿನಿಂದ ಚೆಂಡೂ ಬಂದಿತ್ತು. ಆದರೆ ಆ ಚೆಂಡು ಅವರ ತಲೆಗೆ ಬಡಿಯಿತು. ತಲೆಗೆ ಬಡಿದ ಎಸೆತವನ್ನು ಬೇಸ್‌ಬಾಲ್ ನಿಯಮ ಬ್ಯಾಟಿಂಗ್ ಯತ್ನವೆಂದು ಎಣಿಸುವುದಿಲ್ಲ.

ಈ ನಿಯಮವನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಇಡೀ ಪ್ರಕರಣ ಇದರ ಸುತ್ತಲೇ ತಿರುಗುತ್ತದೆ. ಕ್ರಿಕೆಟ್‌ನಲ್ಲಿ ವೈಡ್ ಎಸೆತವನ್ನು ಬ್ಯಾಟರ್ ಎದುರಿಸಿದ ಎಸೆತಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಬೌಲರ್‌ನ ತಪ್ಪು, ಅದರ ಹೊರೆ ಬ್ಯಾಟರ್ ಮೇಲೆ ಬೀಳಬಾರದು ಎಂಬುದು ಅದರ ಹಿಂದಿನ ನ್ಯಾಯ. ಬೇಸ್‌ಬಾಲ್‌ನಲ್ಲೂ ಇದೇ ನ್ಯಾಯವಿದೆ. ಪಿಚರ್ ಎಸೆದ ಚೆಂಡು ಬ್ಯಾಟರ್‌ನ ಮೈಗೆ ತಗುಲಿದರೆ ಅವನಿಗೆ ಮೊದಲ ಬೇಸ್ (ರನ್ ಗಳಿಸಲು ಒಂದೊಂದಾಗಿ ದಾಟಬೇಕಾದ ನಾಲ್ಕು ನಿಲುಗಡೆಗಳಲ್ಲಿ ಮೊದಲನೆಯದು) ತಾನಾಗಿ ಸಿಗುತ್ತದೆ, ಬ್ಯಾಟಿಂಗ್ ಸರಾಸರಿಗೆ ಪೆಟ್ಟು ಬೀಳದಿರಲೆಂದು ಆ ಸರದಿಯನ್ನು ಯತ್ನಗಳ ಲೆಕ್ಕದಿಂದ ಬಿಡುತ್ತಾರೆ. ನೂರಾರು ಪಂದ್ಯ ಆಡುವವನಿಗೆ ಇದೊಂದು ಸಣ್ಣ ಉಪಕಾರ. ಒಂದೇ ಒಂದು ಸರದಿ ಪಡೆದವನಿಗೆ ಮಾತ್ರ ಅದೇ ಉಪಕಾರ ಅವನ ಪಾಲನ್ನು ಪೂರ್ತಿಯಾಗಿ ಅಳಿಸಿಹಾಕಿತು. ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ಬೇಸ್ ತಲುಪಿದ ಪ್ರಮಾಣವನ್ನು ಹೇಳುವ ಅಂಕಣದಲ್ಲಿ ಅದೇ ಸಾಲು 1.000 ಎಂದು, ಅಂದರೆ ನೂರಕ್ಕೆ ನೂರು ಎಂದು ತೋರಿಸುತ್ತಿತ್ತು. ಒಬ್ಬ ಮನುಷ್ಯನ ಆಟದ ಬದುಕು ಒಂದೇ ಸಾಲಿನಲ್ಲಿ ಸೊನ್ನೆಯೂ ಆಗಿತ್ತು, ಪೂರ್ಣವೂ ಆಗಿತ್ತು.

ನಾನು ಈ ಪ್ರಕರಣವನ್ನು ಆರಿಸಿಕೊಂಡದ್ದು ಅದರ ಕರುಣಾಜನಕತೆಗಾಗಿ ಮಾತ್ರವಲ್ಲ. ಅಂಚಿನಲ್ಲಿ ನಿಂತ ಆಟಗಾರನಿಗೆ ಪೆಟ್ಟಾದಾಗ ಅವನಿಗೆ ಯಾರು ಏನನ್ನು ಕೊಡಬೇಕಿತ್ತು ಎಂಬ ಪ್ರಶ್ನೆಯನ್ನು ಇದರಷ್ಟು ನೇರವಾಗಿ ಎತ್ತುವ ಪ್ರಕರಣ ನನಗೆ ಇನ್ನೊಂದು ಗೊತ್ತಿಲ್ಲ. ಏಳು ವರ್ಷಗಳ ನಂತರ ಸಾವಿರಾರು ಜನ ಸೇರಿ ಅವರಿಗೆ ಒಂದು ಸರದಿ ಕೊಡಿಸಿದರು. ನನ್ನ ಮಟ್ಟಿಗೆ, ಅವರಿಗೆ ಸಲ್ಲಬೇಕಾಗಿದ್ದುದು ಮುಖ್ಯವಾಗಿ ಸರದಿಯಲ್ಲ, ಸಮಯ. 2005ರ ಬೇಸಿಗೆಯಲ್ಲಿ ಗುಣವಾಗುವಷ್ಟು ಸಮಯ.

ಮೇಲಿನ ಮೆಟ್ಟಿಲಿನವರೆಗೆ

ಗ್ರೀನ್‌ಬರ್ಗ್ ಹುಟ್ಟಿದ್ದು 1981ರ ಫೆಬ್ರುವರಿ 21ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಬೆಳೆದದ್ದು ಅದರ ಹತ್ತಿರದ ಕಡಲತೀರದ ಊರಾದ ಗಿಲ್‌ಫರ್ಡ್‌ನಲ್ಲಿ. ಎತ್ತರ ಐದಡಿ ಒಂಬತ್ತು ಅಂಗುಲ. ಈ ಆಟದ ಅಳತೆಯಲ್ಲಿ ಅದು ಗಿಡ್ಡವೇ. ಎಡಗೈ ಬ್ಯಾಟಿಂಗ್, ಎಡಗೈ ಎಸೆತ, ವೇಗದ ಓಟ, ಮೈದಾನದ ಹೊರವಲಯದಲ್ಲಿ ಚುರುಕಾದ ಫೀಲ್ಡಿಂಗ್. ಚೆಂಡನ್ನು ಗ್ಯಾಲರಿಗೆ ಅಟ್ಟುವ ಭೀಮಬಲದವರಲ್ಲ, ಹೇಗಾದರೂ ಬೇಸ್ ತಲುಪುವ ಜಾತಿಯ ಆಟಗಾರ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಅವರನ್ನು 2002ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆಯಲ್ಲಿ, ಒಂಬತ್ತನೆಯ ಸುತ್ತಿನಲ್ಲಿ, ಶಿಕಾಗೋ ಕಬ್ಸ್ ತಂಡ ಆರಿಸಿಕೊಂಡಿತು.

ಒಂಬತ್ತನೆಯ ಸುತ್ತು ಎಂದರೆ ಏನು? ಪ್ರತಿ ಸುತ್ತಿನಲ್ಲೂ ಎಲ್ಲ ತಂಡಗಳು ಒಬ್ಬೊಬ್ಬರನ್ನು ಆರಿಸುತ್ತವೆ. ಆಗ ಮೇಜರ್ ಲೀಗ್‌ನಲ್ಲಿ ಈಗಿನಂತೆಯೇ 30 ತಂಡಗಳಿದ್ದವು. ಹಾಗಾಗಿ ಅವರಿಗಿಂತ ಮೊದಲು ಆಯ್ಕೆಯಾದವರೇ ಇನ್ನೂರಕ್ಕೂ ಹೆಚ್ಚು ಮಂದಿ. ಆಯ್ಕೆಯಾದ ಮಾತ್ರಕ್ಕೆ ಮೇಜರ್ ಲೀಗ್ ಸಿಗುವುದೂ ಇಲ್ಲ. ಪ್ರತಿ ತಂಡದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮೈನರ್ ಲೀಗ್ ತಂಡಗಳಿರುತ್ತವೆ: ರೂಕಿ, ಸಿಂಗಲ್ ಎ, ಡಬಲ್ ಎ, ಟ್ರಿಪಲ್ ಎ. ಚಿಕ್ಕ ಊರುಗಳು, ರಾತ್ರಿಯಿಡೀ ಬಸ್ ಪ್ರಯಾಣ, ಕಡಿಮೆ ಸಂಬಳ. ಭಾರತದ ಓದುಗರಿಗೆ ಈ ಏಣಿ ಎಷ್ಟು ಕಡಿದು ಎಂಬುದರ ಪರಿಚಯ ಬೇಕಿದ್ದರೆ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರನ್ನು ನೆನೆಯಬಹುದು. ಉತ್ತರ ಪ್ರದೇಶದ ಈ ಇಬ್ಬರು ಭರ್ಜಿ ಎಸೆತಗಾರರು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡಾಗ ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು. ರಿಂಕು ವರ್ಷಗಟ್ಟಲೆ ಬೆವರು ಸುರಿಸಿದರೂ ಸಿಂಗಲ್ ಎ ಮಟ್ಟದಿಂದ ಮೇಲೇರಲಾಗಲಿಲ್ಲ.

ಗ್ರೀನ್‌ಬರ್ಗ್ ಮೂರು ವರ್ಷಗಳಲ್ಲಿ ಡಬಲ್ ಎ ಮಟ್ಟಕ್ಕೆ ಏರಿದ್ದರು. 2005ರ ಜುಲೈ ಮೊದಲ ವಾರದಲ್ಲಿ ಅವರು ಟೆನೆಸೀ ರಾಜ್ಯದ ಜ್ಯಾಕ್ಸನ್‌ನಲ್ಲಿದ್ದ ವೆಸ್ಟ್ ಟೆನ್ ತಂಡಕ್ಕೆ ಆಡುತ್ತಿದ್ದರು. ಅದೇ ವಾರ ಕಬ್ಸ್ ತಂಡ, ನಿರೀಕ್ಷೆಯಂತೆ ಆಡದ ಕೋರಿ ಪ್ಯಾಟರ್ಸನ್ ಮತ್ತು ಜೇಸನ್ ಡುಬಾಯ್ಸ್ ಎಂಬ ಇಬ್ಬರನ್ನು ಕೆಳಗಿನ ಲೀಗ್‌ಗೆ ಕಳುಹಿಸಿ, ಅವರ ಜಾಗಕ್ಕೆ ಮ್ಯಾಟ್ ಮರ್ಟನ್ ಮತ್ತು ಗ್ರೀನ್‌ಬರ್ಗ್ ಅವರನ್ನು ಕರೆಸಿಕೊಂಡಿತು. ಈ ವಿವರ ಮುಖ್ಯವಾದುದು. ಅವರು ಕುಳಿತದ್ದು ಆಗಷ್ಟೇ ಇನ್ನೊಬ್ಬರನ್ನು ಎಬ್ಬಿಸಿ ತೆರವುಗೊಳಿಸಿದ ಕುರ್ಚಿಯಲ್ಲಿ. ಆ ಕುರ್ಚಿ ಎಷ್ಟು ಬೇಗ ಖಾಲಿಯಾಗಬಲ್ಲದು ಎಂಬುದು ಕುಳಿತವನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ತಂಡದಲ್ಲಿ ಆಗ ಇದ್ದದ್ದು 25 ಜಾಗ ಮಾತ್ರ.

ಜುಲೈ 9

ಕಬ್ಸ್ ಆ ದಿನಗಳಲ್ಲಿ ಮಯಾಮಿಯಲ್ಲಿ ಫ್ಲೋರಿಡಾ ಮಾರ್ಲಿನ್ಸ್ ವಿರುದ್ಧ ಆಡುತ್ತಿತ್ತು. ಮಗನ ಮೊದಲ ಪಂದ್ಯ ನೋಡಲು ಕುಟುಂಬದವರು ಅಲ್ಲಿಗೆ ಬಂದಿದ್ದರು. ಶನಿವಾರದ ಪಂದ್ಯದ ಒಂಬತ್ತನೆಯ ಇನ್ನಿಂಗ್‌ನಲ್ಲಿ ವ್ಯವಸ್ಥಾಪಕ ಡಸ್ಟಿ ಬೇಕರ್, ಗ್ರೀನ್‌ಬರ್ಗ್ ಅವರನ್ನು ಪಿಂಚ್ ಹಿಟರ್ ಆಗಿ ಕಳುಹಿಸಿದರು. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ ಆಗ ಪಿಚರ್‌ಗಳೂ ಬ್ಯಾಟ್ ಮಾಡಬೇಕಿತ್ತು. ಪಿಚರ್‌ನ ಸರದಿ ಬಂದಾಗ ಬದಲಿ ಬ್ಯಾಟರ್‌ನನ್ನು ಇಳಿಸುವುದು ವಾಡಿಕೆ. ಹೊಸಬರಿಗೆ ಮೊದಲ ಅವಕಾಶ ಬಹುತೇಕ ಹೀಗೆಯೇ ಸಿಗುತ್ತಿತ್ತು.

ಎದುರಿಗಿದ್ದವರು ಡೊಮಿನಿಕನ್ ಗಣರಾಜ್ಯದ ಎಡಗೈ ಪಿಚರ್ ವಲೇರಿಯೊ ಡೆ ಲೋಸ್ ಸಾಂತೋಸ್. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್ ಕಷ್ಟ ಏಕೆಂದರೆ, ಚೆಂಡು ಕೈಬಿಡುವ ಜಾಗ ಅವನ ಬೆನ್ನ ಹಿಂದಿನಿಂದ ಬಂದಂತೆ ಕಾಣುತ್ತದೆ. ಅದು ಒಳಕ್ಕೆ ಬರುತ್ತಿದೆಯೋ ಹೊರಕ್ಕೆ ತಿರುಗುತ್ತದೆಯೋ ಎಂದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್‌ವರೆಗೆ 60 ಅಡಿ 6 ಅಂಗುಲ. ನಮ್ಮ 22 ಗಜಕ್ಕಿಂತ ಐದೂವರೆ ಅಡಿ ಕಡಿಮೆ, ನಡುವೆ ನೆಲಕ್ಕೆ ಪುಟಿಯುವುದೂ ಇಲ್ಲ. ಅಂದಿನ ಎಸೆತದ ವೇಗ ಗಂಟೆಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ಆ ವೇಗಕ್ಕೆ ನೋಡಿ, ನಿರ್ಧರಿಸಿ, ಮೈ ಆಡಿಸಲು ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ.

ಮೊದಲ ಎಸೆತವೇ ಒಳಕ್ಕೆ ನುಗ್ಗಿತು. ಗ್ರೀನ್‌ಬರ್ಗ್ ಮುಖ ತಿರುಗಿಸಿದರು. ಚೆಂಡು ಹೆಲ್ಮೆಟ್‌ನ ಅಂಚಿನ ಕೆಳಗೆ, ಬಲಗಿವಿಯ ಹಿಂದೆ, ತಲೆಗೆ ಬಡಿಯಿತು. ತಲೆ ಹೋಳಾಯಿತೆಂದೇ ಆ ಕ್ಷಣ ಅನಿಸಿತ್ತು, ಅದನ್ನು ಒಂದಾಗಿ ಹಿಡಿದಿಡಲು ಎರಡೂ ಕೈಗಳಿಂದ ಒತ್ತಿಕೊಂಡೆ, ಸಾಯಬಾರದು ಎಂದಷ್ಟೇ ಹೇಳಿಕೊಳ್ಳುತ್ತಿದ್ದೆ ಎಂಬ ಅರ್ಥದ ಮಾತುಗಳನ್ನು ಅವರು ಮುಂದೆ ಅನೇಕ ಸಲ ಹೇಳಿದ್ದಾರೆ. ಅವರನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ಸಿಕ್ಕ ಬೇಸ್‌ನಲ್ಲಿ ಅವರ ಬದಲು ನಿಂತವರು ಕಾರ್ಲೋಸ್ ಜಾಂಬ್ರಾನೊ, ಸ್ವತಃ ಒಬ್ಬ ಪಿಚರ್.

ಬೇಕೆಂದೇ ಎಸೆದದ್ದು ಎಂಬ ಆರೋಪವನ್ನು ಗ್ರೀನ್‌ಬರ್ಗ್ ಹೊರಿಸಲಿಲ್ಲ. ಕೈ ತಪ್ಪಿದ ಎಸೆತ ಅದು. ಈ ಪ್ರಕರಣದಲ್ಲಿ ದುಷ್ಟರಿಲ್ಲ. ಆದ್ದರಿಂದಲೇ ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸ ಇನ್ನಷ್ಟು ಕಷ್ಟದ್ದು.

"ಸಣ್ಣ" ಎಂಬ ಪದ

ವೈದ್ಯರು ಹೇಳಿದ್ದು ಸಣ್ಣ ಪ್ರಮಾಣದ ಕನ್ಕಷನ್, ಅಂದರೆ ಪೆಟ್ಟಿನಿಂದ ಮಿದುಳು ಅಲುಗಿ ಉಂಟಾಗುವ ಆಘಾತ. ಎಲುಬು ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಕೂಡಿಕೊಂಡದ್ದೂ ಕಾಣುತ್ತದೆ. ಕನ್ಕಷನ್ ಸಾಮಾನ್ಯ ಸ್ಕ್ಯಾನ್‌ನಲ್ಲಿ ಕಾಣುವುದೇ ಅಪರೂಪ. ಗುಣವಾಯಿತೇ ಎಂದು ತಿಳಿಯಲು ರೋಗಿಯ ಮಾತನ್ನೇ ಹೆಚ್ಚಾಗಿ ನೆಚ್ಚಬೇಕು. ಗ್ರೀನ್‌ಬರ್ಗ್‌ಗೆ ತಲೆನೋವು, ವಾಕರಿಕೆ, ಒಂದು ವಸ್ತು ಎರಡಾಗಿ ಕಾಣುವ ತೊಂದರೆ ಶುರುವಾದವು. ತಲೆಯ ಭಂಗಿ ಬದಲಾದರೆ ಲೋಕವೇ ಗಿರ್ರನೆ ತಿರುಗುವ ವರ್ಟಿಗೊ ಅಂಟಿಕೊಂಡಿತು. ನಮ್ಮ ಸಮತೋಲನವನ್ನು ಕಾಯುವ ಅಂಗ ಒಳಕಿವಿಯಲ್ಲಿದೆ. ಅದರೊಳಗಿನ ಸೂಕ್ಷ್ಮ ಹರಳುಗಳು ಪೆಟ್ಟಿಗೆ ಜಾಗ ಬಿಟ್ಟು ಸರಿದರೆ ಮಲಗಲು, ಏಳಲು, ಬಗ್ಗಲು ಹೋದಾಗಲೆಲ್ಲ ತಲೆ ತಿರುಗುತ್ತದೆ. ಹೊರಗಿನಿಂದ ನೋಡುವವರಿಗೆ ಮನುಷ್ಯ ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ.

ಬ್ಯಾಟರ್‌ಗೆ ಬೇಕಾದದ್ದು ಮುಖ್ಯವಾಗಿ ಎರಡು: ಚೆಂಡನ್ನು ಸ್ಪಷ್ಟವಾಗಿ ಕಾಣುವ ಕಣ್ಣು, ಅಲುಗದೆ ನಿಲ್ಲುವ ತಲೆ. ಎರಡೂ ಪೆಟ್ಟಾಗಿದ್ದವು. ಆದರೂ ಗ್ರೀನ್‌ಬರ್ಗ್ ಕೆಲವೇ ವಾರಗಳಲ್ಲಿ ಮೈನರ್ ಲೀಗ್ ಮೈದಾನಕ್ಕೆ ಇಳಿದಿದ್ದರು. ಮೇಜರ್ ಲೀಗ್‌ಗೆ ಅವರನ್ನು ಕಬ್ಸ್ ಮತ್ತೆ ಕರೆಯಲಿಲ್ಲ. ಮುಂದಿನ ವರ್ಷ ಕೆಳಗಿನ ಲೀಗ್‌ನಲ್ಲಿ ಅವರ ಬ್ಯಾಟ್ ಪೂರ್ತಿ ಮೌನವಾಯಿತು. 2006ರಲ್ಲಿ ತಂಡ ಅವರನ್ನು ಕೈಬಿಟ್ಟಿತು.

ನನ್ನ ವಾದ ಇರುವುದು ಇಲ್ಲಿ. ಬೇಸ್‌ಬಾಲ್‌ಗೆ ತಲೆಯ ಪೆಟ್ಟು ಹೊಸದಾಗಿರಲಿಲ್ಲ. 1920ರ ಆಗಸ್ಟ್ 16ರಂದು ಕ್ಲೀವ್‌ಲ್ಯಾಂಡ್ ತಂಡದ ರೇ ಚ್ಯಾಪ್‌ಮನ್ ಅವರ ತಲೆಗೆ ಕಾರ್ಲ್ ಮೇಸ್ ಎಸೆದ ಚೆಂಡು ಬಡಿದು, ಮರುದಿನ ಅವರು ತೀರಿಕೊಂಡರು. ಮೇಜರ್ ಲೀಗ್ ಪಂದ್ಯದಲ್ಲಿ ಎಸೆತ ತಗುಲಿ ಸತ್ತ ಒಬ್ಬನೇ ಆಟಗಾರ ಅವರು. 1967ರಲ್ಲಿ ಬಾಸ್ಟನ್‌ನ ಟೋನಿ ಕೊನಿಗ್ಲಿಯಾರೊ ಅವರ ಕೆನ್ನೆಗೆ ಚೆಂಡು ಬಡಿದು ಒಂದು ಕಣ್ಣಿನ ದೃಷ್ಟಿ ಹಾಳಾಯಿತು. ಆದರೂ ಹೆಲ್ಮೆಟ್ ಕಡ್ಡಾಯವಾದದ್ದು 1971ರಲ್ಲಿ. ಕಿವಿ ಮುಚ್ಚುವ ಪಟ್ಟಿ ಹೊಸ ಆಟಗಾರರಿಗೆ ಕಡ್ಡಾಯವಾಗಲು 1983 ಬರಬೇಕಾಯಿತು. ಈ ವರ್ಷಗಳ ಅಂತರವನ್ನು ಗಮನಿಸಿ. ತಲೆಬುರುಡೆಯನ್ನು ಕಾಯುವ ಸಲಕರಣೆ ಕಡ್ಡಾಯವಾಗಲು ಅರ್ಧ ಶತಮಾನ ಹಿಡಿಯಿತು. ಬುರುಡೆಯೊಳಗೆ ಆದ ಗಾಯವನ್ನು ಪ್ರತ್ಯೇಕವಾಗಿ ಕಾಣುವ ವ್ಯವಸ್ಥೆ ಬರಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಕನ್ಕಷನ್‌ಗೆಂದೇ ಏಳು ದಿನಗಳ ಪ್ರತ್ಯೇಕ ವಿಶ್ರಾಂತಿ ಪಟ್ಟಿಯನ್ನೂ, ಆಟಕ್ಕೆ ಮರಳುವ ಮುನ್ನ ಪಾಲಿಸಬೇಕಾದ ವೈದ್ಯಕೀಯ ಕ್ರಮವನ್ನೂ ಮೇಜರ್ ಲೀಗ್ ತಂದದ್ದು 2011ರಲ್ಲಿ. ಗ್ರೀನ್‌ಬರ್ಗ್‌ಗೆ ಪೆಟ್ಟಾಗಿ ಆಗಲೇ ಆರು ವರ್ಷ ಕಳೆದಿತ್ತು.

ಹೆಸರು ಮಾಡಿದ ಆಟಗಾರನಿಗೆ ಹೀಗಾದರೆ ತಂಡ ಕಾಯುತ್ತದೆ, ಏಕೆಂದರೆ ಅವನ ಮೇಲೆ ಕೋಟಿಗಟ್ಟಲೆ ಹಣ ಹೂಡಿರುತ್ತದೆ. ಎರಡು ದಿನದ ಹಿಂದೆ ಬಂದವನಿಗೆ ಆ ರಕ್ಷಣೆ ಇಲ್ಲ. ತಲೆ ಸುತ್ತುತ್ತಿದೆ ಎಂದು ಅವನು ಪದೇಪದೇ ಹೇಳಿದರೆ ತನ್ನ ಜಾಗವನ್ನು ತಾನೇ ಬಿಟ್ಟುಕೊಟ್ಟಂತೆ. ಗುಣವಾಗಿದ್ದೇನೆ ಎಂದು ಹೇಳಿ ಆಡಿದರೆ ಕಳಪೆ ಅಂಕಿಗಳು ಅವನನ್ನು ಹೊರಗೆ ತಳ್ಳುತ್ತವೆ. ಎರಡೂ ದಾರಿಗಳ ಕೊನೆ ಒಂದೇ. ಆ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 3,16,000 ಡಾಲರ್ ಇತ್ತು. ಕೆಳಗಿನ ಲೀಗ್‌ನವರ ಗಳಿಕೆ ಅದರ ಸಣ್ಣ ಚೂರು. ಇಷ್ಟು ದೊಡ್ಡ ಪ್ರಪಾತದ ಅಂಚಿನಲ್ಲಿ ನಿಂತವನಿಂದ ತನ್ನ ನೋವಿನ ಬಗ್ಗೆ ಪ್ರಾಮಾಣಿಕ ಉತ್ತರ ನಿರೀಕ್ಷಿಸುವುದೇ ಅನ್ಯಾಯ. ಉತ್ತರವನ್ನು ಅವನ ಕೈಯಿಂದ ತೆಗೆದುಕೊಂಡು ವೈದ್ಯರ ಕೈಗೆ ಕೊಡಬೇಕಿತ್ತು. ಅವನ ಕುರ್ಚಿಯನ್ನು ಒಂದು ಋತುವಿನ ಮಟ್ಟಿಗಾದರೂ ಕಾಯ್ದಿಡಬೇಕಿತ್ತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲಿ ನಾರಿ ಕಂಟ್ರಾಕ್ಟರ್ ನೆನಪಾಗದೆ ಇರುವುದಿಲ್ಲ. 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತದ ನಾಯಕನ ತಲೆಗೆ ಬಡಿಯಿತು. ಎದುರಾಳಿ ನಾಯಕ ಫ್ರ್ಯಾಂಕ್ ವೊರೆಲ್ ರಕ್ತ ಕೊಟ್ಟರು. ಕಂಟ್ರಾಕ್ಟರ್ ಬದುಕಿದರು, ದೇಶೀಯ ಕ್ರಿಕೆಟ್‌ಗೂ ಮರಳಿದರು. ಟೆಸ್ಟ್ ತಂಡದ ಬಾಗಿಲು ಮಾತ್ರ ಮತ್ತೆ ತೆರೆಯಲಿಲ್ಲ. ತಲೆಗೆ ಪೆಟ್ಟಾದವನ ಬದಲು ಇನ್ನೊಬ್ಬ ಬ್ಯಾಟ್ ಮಾಡಬಹುದು ಎಂಬ ನಿಯಮ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಬಂದದ್ದು 2019ರಲ್ಲಿ. ಎರಡೂ ಆಟಗಳು ಈ ಪಾಠ ಕಲಿಯಲು ತೆಗೆದುಕೊಂಡ ಕಾಲ ನನ್ನನ್ನು ಇವತ್ತಿಗೂ ಸಿಟ್ಟಿಗೆಬ್ಬಿಸುತ್ತದೆ.

ಒಂದೇ ದಿನದವರು

ಅತಿ ಚಿಕ್ಕ ವೃತ್ತಿಜೀವನಗಳ ಪಟ್ಟಿ ಬೇಸ್‌ಬಾಲ್‌ನಲ್ಲಿ ಉದ್ದವಾಗಿಯೇ ಇದೆ. 2012ರ ಹೊತ್ತಿಗೆ ಮೇಜರ್ ಲೀಗ್ ಆಡಿದವರ ಸಂಖ್ಯೆ 18,000ದ ಆಸುಪಾಸಿನಲ್ಲಿತ್ತು. ಅವರಲ್ಲಿ ನೂರಾರು ಮಂದಿಗೆ ಸಿಕ್ಕಿದ್ದು ಒಂದೇ ಪಂದ್ಯ. 1905ರ ಜೂನ್ 29ರಂದು ಆರ್ಚಿಬಾಲ್ಡ್ ಗ್ರಹಾಮ್ ನ್ಯೂಯಾರ್ಕ್ ಜಯಂಟ್ಸ್ ಪರ ಫೀಲ್ಡಿಂಗ್‌ಗೆ ಮಾತ್ರ ನಿಂತರು, ಬ್ಯಾಟಿಂಗ್ ಸರದಿ ಬರುವ ಮುನ್ನವೇ ಪಂದ್ಯ ಮುಗಿಯಿತು. ಮುಂದೆ ಅವರು ಮಿನೆಸೋಟದ ಚಿಜಮ್ ಎಂಬ ಊರಿನಲ್ಲಿ ವೈದ್ಯರಾಗಿ ಬಾಳಿದರು. 1971ರಲ್ಲಿ ಹೂಸ್ಟನ್‌ನ ಲ್ಯಾರಿ ಯೌಂಟ್ ಪಿಚರ್ ಆಗಿ ಮೈದಾನಕ್ಕೆ ಬಂದು, ಕೈ ಸಡಿಲಿಸಿಕೊಳ್ಳುವ ಅಭ್ಯಾಸದ ಎಸೆತಗಳಲ್ಲೇ ಮೊಣಕೈ ನೋವಿನಿಂದ ವಾಪಸಾದರು. ಹೆಸರು ಘೋಷಣೆಯಾಗಿದ್ದರಿಂದ ದಾಖಲೆಗೆ ಸೇರಿತು, ಅಧಿಕೃತವಾಗಿ ಒಂದೂ ಚೆಂಡು ಎಸೆಯದ ಪಿಚರ್ ಆಗಿ. ಅವರ ತಮ್ಮ ರಾಬಿನ್ ಯೌಂಟ್ 3,142 ಹಿಟ್‌ಗಳೊಂದಿಗೆ (ಹಿಟ್ ಎಂದರೆ ಚೆಂಡು ಹೊಡೆದು ಬೇಸ್ ತಲುಪುವುದು) ದಿಗ್ಗಜರ ಸಾಲಿಗೆ ಸೇರಿದರು. ಒಂದೇ ಮನೆಯ ಇಬ್ಬರ ಪಾಲು ಹೀಗಾಯಿತು.

ಈ ಪಟ್ಟಿಯಲ್ಲಿ ನನ್ನ ಮನಸ್ಸು ತುಂಬುವವರು ಜಾನ್ ಪಾಚೋರೆಕ್. 1963ರ ಸೆಪ್ಟೆಂಬರ್ 29ರಂದು, ಹದಿನೆಂಟರ ಹುಡುಗ, ಹೂಸ್ಟನ್ ಪರ ಒಂದೇ ಪಂದ್ಯ ಆಡಿದರು. ಮೂರು ಯತ್ನದಲ್ಲಿ ಮೂರು ಹಿಟ್, ಎರಡು ವಾಕ್ (ಪಿಚರ್ ನಾಲ್ಕು ಚೆಂಡು ಹೊರಗೆಸೆದಾಗ ಸಿಗುವ ಮೊದಲ ಬೇಸ್), ನಾಲ್ಕು ರನ್. ಬೆನ್ನಿನ ತೊಂದರೆ ಅವರನ್ನು ಮತ್ತೆ ಅಲ್ಲಿಗೆ ಬಿಡಲಿಲ್ಲ. ಆದರೆ 1.000 ಎಂಬ ಅವರ ಬ್ಯಾಟಿಂಗ್ ಸರಾಸರಿಯನ್ನು ಯಾರೂ ಕಸಿದುಕೊಳ್ಳಲಾರರು.

ಗ್ರೀನ್‌ಬರ್ಗ್‌ಗೆ ನಿಜವಾದ ಜೊತೆಗಾರ ಎಂದರೆ ಫ್ರೆಡ್ ವ್ಯಾನ್ ಡ್ಯೂಸನ್ ಒಬ್ಬರೇ. 1955ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ಪರ ಒಂದೇ ಸರದಿ, ಮೈಗೆ ತಗುಲಿದ ಚೆಂಡು, ಫೀಲ್ಡಿಂಗ್‌ಗೂ ಇಳಿಯಲಿಲ್ಲ, ಅಲ್ಲಿಗೆ ಮುಗಿಯಿತು. ಆದರೆ ಅವರನ್ನು ಮುಗಿಸಿದ್ದು ಆ ಚೆಂಡಲ್ಲ. ಗ್ರೀನ್‌ಬರ್ಗ್ ವಿಷಯದಲ್ಲಿ ಆರಂಭ ಮತ್ತು ಅಂತ್ಯ ಎರಡೂ ಒಂದೇ ಎಸೆತದಲ್ಲಿದ್ದವು.

ಅಲೆದಾಟ

ಕಬ್ಸ್ ಕೈಬಿಟ್ಟ ಮೇಲೆ ಲಾಸ್ ಏಂಜಲೀಸ್ ಡಾಜರ್ಸ್, ಕ್ಯಾನ್ಸಸ್ ಸಿಟಿ ರಾಯಲ್ಸ್, ಏಂಜಲ್ಸ್ ಹೀಗೆ ಒಂದಾದ ಮೇಲೊಂದು ಸಂಸ್ಥೆಗಳ ಮೈನರ್ ಲೀಗ್ ತಂಡಗಳಲ್ಲಿ ಅವರು ಆಡಿದರು. ಕೊನೆಗೆ ನೆಲೆ ಸಿಕ್ಕಿದ್ದು ತಮ್ಮದೇ ರಾಜ್ಯದ ಬ್ರಿಜ್‌ಪೋರ್ಟ್ ಬ್ಲೂಫಿಶ್ ತಂಡದಲ್ಲಿ. ಅದು ಆಡುತ್ತಿದ್ದ ಅಟ್ಲಾಂಟಿಕ್ ಲೀಗ್ ಸ್ವತಂತ್ರ ಲೀಗ್, ಅಂದರೆ ಅದರ ತಂಡಗಳಿಗೆ ಮೇಜರ್ ಲೀಗ್ ಒಡೆತನದ ಏಣಿ ಇಲ್ಲ. ಮೇಲಿನಿಂದ ಜಾರಿದವರು, ಮೇಲೆ ಹತ್ತದವರು, ಆಟ ಬಿಡಲಾಗದವರು ಅಲ್ಲಿ ಆಡುತ್ತಾರೆ. ಕಣ್ಣು, ತಲೆ ಸ್ಥಿಮಿತಕ್ಕೆ ಬಂದ ಮೇಲೂ ಅವರಿಗೆ ಸಿಕ್ಕಿದ್ದು ಇಂಥ ಅವಕಾಶಗಳೇ. ಗುಣವಾಗುವಷ್ಟರಲ್ಲಿ ಅವರ ಪ್ರಾಯದ ಆಟಗಾರರಿಗೆ ಬೇಡಿಕೆ ಇಳಿದಿತ್ತು, ಹಾಳಾದ ವರ್ಷದ ಅಂಕಿಗಳು ಮಾತ್ರ ಕಡತದಲ್ಲಿ ಉಳಿದಿದ್ದವು. ಆಯ್ಕೆಗಾರ ಆ ಕಡತವನ್ನು ನೋಡುತ್ತಾನೆ. ಅದರ ಕಾರಣವನ್ನು ನೋಡುವ ವ್ಯವಧಾನ ಅವನಿಗಿರುವುದಿಲ್ಲ.

2012ರಲ್ಲಿ ಸಾಕ್ಷ್ಯಚಿತ್ರ ನಿರ್ಮಾಪಕರೂ ಕಬ್ಸ್ ಅಭಿಮಾನಿಯೂ ಆದ ಮ್ಯಾಟ್ ಲಿಸ್ಟನ್, ಗ್ರೀನ್‌ಬರ್ಗ್‌ಗೆ ಒಂದೇ ಒಂದು ಅಧಿಕೃತ ಬ್ಯಾಟಿಂಗ್ ಯತ್ನ ಕೊಡಿ ಎಂದು ಅಂತರ್ಜಾಲದಲ್ಲಿ ಸಹಿ ಸಂಗ್ರಹ ಆರಂಭಿಸಿದರು. ಬೇಡಿಕೆಯ ಪದಗಳನ್ನು ನೋಡಿ: ಇನ್ನೊಂದು ಪಂದ್ಯವಲ್ಲ, ಪರಿಹಾರವಲ್ಲ, ಎಣಿಕೆಗೆ ಸೇರುವ ಒಂದು ಯತ್ನ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಹಿಗಳು ಬಂದವು. ಕಬ್ಸ್ ಒಪ್ಪಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಯಹೂದಿ ಸಮುದಾಯದವರಾದ ಗ್ರೀನ್‌ಬರ್ಗ್, ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಅರ್ಹತಾ ಸುತ್ತಿನಲ್ಲಿ ಇಸ್ರೇಲ್ ತಂಡದ ಪರ ಇಳಿದರು. ಅಲ್ಲಿ ಸಿಕ್ಕ ಒಂದೇ ಸರದಿಯಲ್ಲಿ ಪಿಚರ್ ನಾಲ್ಕು ಚೆಂಡು ಹೊರಗೆಸೆದು ಅವರಿಗೆ ವಾಕ್ ಕೊಟ್ಟರು. ಇದು ಮೇಜರ್ ಲೀಗ್ ಪಂದ್ಯವಲ್ಲ, ನಿಜ. ಆದರೂ ಗಮನಿಸಿ, ಬೇಸ್‌ಬಾಲ್‌ನಲ್ಲಿ ವಾಕ್ ಕೂಡ ಬ್ಯಾಟಿಂಗ್ ಯತ್ನದ ಲೆಕ್ಕಕ್ಕೆ ಸೇರುವುದಿಲ್ಲ.

ಸೆಪ್ಟೆಂಬರ್ 27ರಂದು ದೂರದರ್ಶನದ ಬೆಳಗಿನ ಕಾರ್ಯಕ್ರಮವೊಂದರಲ್ಲಿ ಸುದ್ದಿ ಹೊರಬಿತ್ತು. ಮಯಾಮಿ ಮಾರ್ಲಿನ್ಸ್ ಅವರಿಗೆ ಒಂದು ದಿನದ ಒಪ್ಪಂದ ಕೊಡಲಿದೆ. 2005ರಲ್ಲಿ ಫ್ಲೋರಿಡಾ ಮಾರ್ಲಿನ್ಸ್ ಎಂಬ ಹೆಸರಿನಲ್ಲಿ ಎದುರಾಳಿಯಾಗಿದ್ದ ಅದೇ ಸಂಸ್ಥೆ.

ಅಕ್ಟೋಬರ್ 2

ಇದನ್ನು ಪ್ರಚಾರದ ತಂತ್ರ ಎಂದು ಕರೆಯುವುದು ಸುಲಭ. ಮಾರ್ಲಿನ್ಸ್ ಆ ವರ್ಷ ಹೊಸ ಕ್ರೀಡಾಂಗಣಕ್ಕೆ ಬಂದಿತ್ತು, ತನ್ನ ವಿಭಾಗದಲ್ಲಿ ಕೊನೆಯ ಸ್ಥಾನಕ್ಕೆ ಕುಸಿದಿತ್ತು, ಋತು ಮುಗಿಯಲು ಎರಡೇ ದಿನ ಉಳಿದಿದ್ದವು. ಒಳ್ಳೆಯ ಸುದ್ದಿಯೊಂದು ಆ ತಂಡಕ್ಕೆ ಬೇಕಾಗಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ತಂಡದ ಜಾಗ ಅರ್ಹತೆಯಿಂದ ಸಿಗಬೇಕು, ಸಹಿ ಸಂಗ್ರಹದಿಂದಲ್ಲ ಎಂಬ ಆಕ್ಷೇಪವನ್ನೂ ಹಗುರವಾಗಿ ತಳ್ಳಿಹಾಕಲಾರೆ. ಅದೇ ಕ್ರೀಡೆಯ ಕೆಳಗಿನ ಲೀಗ್‌ಗಳಲ್ಲಿ ಒಂದು ದಿನಕ್ಕಾಗಿ ಜೀವ ತೇಯುತ್ತಿದ್ದ ಸಾವಿರಾರು ಹುಡುಗರಿದ್ದರು. ಆದರೆ ಗ್ರೀನ್‌ಬರ್ಗ್ ತಮ್ಮ ಜಾಗವನ್ನು 2005ರಲ್ಲೇ ಆಡಿ ಗಳಿಸಿದ್ದರು. ಅವರು ಕೇಳಿದ್ದು ಗಳಿಸಿದ್ದರ ಉಳಿಕೆ.

ಎದುರಾಳಿ ನ್ಯೂಯಾರ್ಕ್ ಮೆಟ್ಸ್. ಅಂದಿನ ಪಿಚರ್ ಆರ್. ಎ. ಡಿಕಿ. ಅವರು ಕೆಲವೇ ದಿನಗಳ ಹಿಂದೆ ಆ ವರ್ಷದ ಇಪ್ಪತ್ತನೆಯ ಗೆಲುವು ಪಡೆದಿದ್ದರು. ಆ ಋತುವಿನ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಮುಂದೆ ಅವರಿಗೇ ಬಂತು. ಡಿಕಿ ಅವರ ಅಸ್ತ್ರ ನಕಲ್‌ಬಾಲ್. ಬೆರಳ ತುದಿ, ಉಗುರುಗಳಿಂದ ಹಿಡಿದು, ತಿರುಗದಂತೆ ಬಿಡುವ ಚೆಂಡು ಅದು. ತಿರುಗದ ಚೆಂಡಿನ ಹೊಲಿಗೆಗೆ ಗಾಳಿ ಬೇರೆ ಬೇರೆ ಕಡೆಯಿಂದ ತಾಗಿ ಅದು ಕೊನೆಯ ಗಳಿಗೆಯಲ್ಲಿ ಓಲಾಡುತ್ತದೆ. ಎತ್ತ ಹೋಗುತ್ತದೆಂದು ಎಸೆದವನಿಗೇ ಖಚಿತವಿರುವುದಿಲ್ಲ. ಏಳು ವರ್ಷದ ನಂತರ ಬಂದವನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಆ ವರ್ಷದ ಲೀಗ್‌ನಲ್ಲಿ ಇರಲಿಲ್ಲ.

ಡಿಕಿ ಕೂಡ ಅಂಚಿನ ಬದುಕನ್ನು ಬಲ್ಲವರು. 1996ರಲ್ಲಿ ಟೆಕ್ಸಸ್ ರೇಂಜರ್ಸ್ ಅವರಿಗೆ 8,10,000 ಡಾಲರ್ ಕೊಡುವುದಾಗಿ ಹೇಳಿತ್ತು. ಅವರ ಬಲ ಮೊಣಕೈಯಲ್ಲಿ ಎಲುಬುಗಳನ್ನು ಜೋಡಿಸುವ ಒಂದು ಅಸ್ಥಿರಜ್ಜುವೇ ಇಲ್ಲವೆಂದು ವೈದ್ಯಕೀಯ ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಅದು 75,000ಕ್ಕೆ ಇಳಿಯಿತು. ಮೈನರ್ ಲೀಗ್‌ಗಳಲ್ಲಿ ವರ್ಷಗಟ್ಟಲೆ ಅಲೆದು, ನಕಲ್‌ಬಾಲ್ ಕಲಿತು, ಮೂವತ್ತೈದರ ನಂತರ ಹೆಸರು ಮಾಡಿದವರು. ಆದರೂ ಆ ರಾತ್ರಿ ಅವರು ಒಂದು ಸುಲಭ ಚೆಂಡನ್ನೂ ಎಸೆಯಲಿಲ್ಲ. ನನಗೆ ಇದು ಬಹಳ ಇಷ್ಟವಾದ ವಿಷಯ. ಮೃದುವಾದ ಎಸೆತವೊಂದನ್ನು ಕೊಟ್ಟಿದ್ದರೆ ಅದು ದಾನವಾಗುತ್ತಿತ್ತು. ತನ್ನ ಅತ್ಯುತ್ತಮ ಎಸೆತ ಎಸೆದು ಡಿಕಿ, ಗ್ರೀನ್‌ಬರ್ಗ್ ಅವರನ್ನು ಸಮಾನ ಆಟಗಾರನಾಗಿ ನಡೆಸಿಕೊಂಡರು.

ಆರನೆಯ ಇನ್ನಿಂಗ್‌ನ ಮೊದಲಿಗೆ ಗ್ರೀನ್‌ಬರ್ಗ್ ಹೆಸರು ಕೂಗಿದಾಗ ಪ್ರೇಕ್ಷಕರು ಎದ್ದು ನಿಂತರು. ಎರಡೂ ಡಗ್‌ಔಟ್‌ಗಳಿಂದ ಚಪ್ಪಾಳೆ ಬಂತು. ಮೊದಲ ಚೆಂಡನ್ನು ಅವರು ಬಿಟ್ಟರು. ಅದು ಸ್ಟ್ರೈಕ್, ಅಂದರೆ ಬ್ಯಾಟರ್ ವಿರುದ್ಧದ ಎಣಿಕೆ, ಮೂರಾದರೆ ಔಟ್. ಎರಡನೆಯದಕ್ಕೆ ಬ್ಯಾಟ್ ಬೀಸಿದರು, ತಾಗಲಿಲ್ಲ. ಮೂರನೆಯದಕ್ಕೂ ಬೀಸಿದರು, ತಾಗಲಿಲ್ಲ. ಔಟ್. ಚಪ್ಪಾಳೆ ನಿಲ್ಲಲಿಲ್ಲ. ಡಗ್‌ಔಟ್‌ನಲ್ಲಿ ಆ ದಿನವಷ್ಟೇ ಪರಿಚಯವಾದ ಸಹ ಆಟಗಾರರು ಅವರನ್ನು ಅಪ್ಪಿಕೊಂಡರು.

ದಾಖಲೆ ಬದಲಾಯಿತು. ಪಂದ್ಯ 2, ಯತ್ನ 1, ಹಿಟ್ 0, ಸ್ಟ್ರೈಕ್‌ಔಟ್ 1. ಬೇಸ್ ತಲುಪಿದ ಪ್ರಮಾಣ 1.000ದಿಂದ .500ಕ್ಕೆ ಇಳಿಯಿತು. ಅಂಕಿಗಳ ಪ್ರಕಾರ ಅವರು ಆ ರಾತ್ರಿ ಅರ್ಧವನ್ನು ಕಳೆದುಕೊಂಡರು. ಆದರೆ ಸೋಲುವ ಹಕ್ಕು ಸಿಗುವುದು ಲೆಕ್ಕದೊಳಗೆ ಇರುವವನಿಗೆ ಮಾತ್ರ. ಒಂದು ದಿನದ ಸಂಬಳ 2,623 ಡಾಲರ್‌ಗಳನ್ನು ಅವರು, ಆಟಗಾರರ ಮಿದುಳಿನ ಗಾಯಗಳ ಕುರಿತು ಕೆಲಸ ಮಾಡುವ ಸ್ಪೋರ್ಟ್ಸ್ ಲೆಗಸಿ ಇನ್‌ಸ್ಟಿಟ್ಯೂಟ್‌ಗೆ ಕೊಟ್ಟರು. ಬಾಲ್ಟಿಮೋರ್ ಓರಿಯೋಲ್ಸ್ ಮುಂದಿನ ಋತುವಿಗೆ ಮೈನರ್ ಲೀಗ್ ಒಪ್ಪಂದವೊಂದನ್ನು ನೀಡಿತಾದರೂ ಅದು ಮೇಲಿನವರೆಗೆ ಹೋಗಲಿಲ್ಲ. 2018ರಲ್ಲಿ ಅವರು ಕನೆಕ್ಟಿಕಟ್ ರಾಜ್ಯ ಸೆನೆಟ್‌ಗೆ ಸ್ಪರ್ಧಿಸಿ ಸೋತರು.

ಎಸೆದವರ ಕಥೆ

ವಲೇರಿಯೊ ಡೆ ಲೋಸ್ ಸಾಂತೋಸ್ ಅವರನ್ನು ಈ ಕಥೆ ಹೇಳುವವರು ಬೇಗ ಮರೆಯುತ್ತಾರೆ. ಪೆಟ್ಟು ತಿಂದವನ ಹೆಸರಿಗೆ ಅಂಟಿಕೊಂಡು ಉಳಿಯುವುದು ಯಾವ ಪಿಚರ್‌ಗೂ ಬೇಡದ ಖ್ಯಾತಿ. 1920ರ ನಂತರವೂ ಒಂಬತ್ತು ವರ್ಷ ಆಡಿ, ಒಟ್ಟು ಇನ್ನೂರಕ್ಕೂ ಹೆಚ್ಚು ಪಂದ್ಯ ಗೆದ್ದ ಕಾರ್ಲ್ ಮೇಸ್ ಅವರನ್ನು ಜನ ನೆನೆಯುವುದು ಚ್ಯಾಪ್‌ಮನ್ ಸಾವಿನಿಂದಲೇ. ಡೆ ಲೋಸ್ ಸಾಂತೋಸ್ ಅವರ ಮೇಜರ್ ಲೀಗ್ ದಿನಗಳು 2008ಕ್ಕೆ ಮುಗಿದವು. ಅವರೂ ಆಟ ಬಿಡಲಿಲ್ಲ. ಅವರೂ ಅಟ್ಲಾಂಟಿಕ್ ಲೀಗ್‌ಗೆ ಬಂದು, ಲಾಂಗ್ ಐಲ್ಯಾಂಡ್ ಡಕ್ಸ್ ಎಂಬ ತಂಡ ಸೇರಿದರು.

2011ರಲ್ಲಿ, ಸಹಿ ಸಂಗ್ರಹ ಶುರುವಾಗುವುದಕ್ಕೂ ಮೊದಲು, ಡಕ್ಸ್ ಮತ್ತು ಬ್ಲೂಫಿಶ್ ಮುಖಾಮುಖಿಯಾದವು. ಆರು ವರ್ಷಗಳ ನಂತರ ಅದೇ ಎಡಗೈ ಪಿಚರ್, ಅದೇ ಎಡಗೈ ಬ್ಯಾಟರ್, ನಡುವೆ ಅದೇ 60 ಅಡಿ 6 ಅಂಗುಲ. ಒಮ್ಮೆ ತಲೆಗೆ ಬಡಿದ ಕೈಯಿಂದ ಮತ್ತೆ ಚೆಂಡು ಹೊರಡುವುದನ್ನು ನೋಡುತ್ತ, ಹಿಂದೆ ಸರಿಯದೆ ನಿಲ್ಲಬೇಕಿತ್ತು. ಗ್ರೀನ್‌ಬರ್ಗ್ ನಿಂತರು, ಬೀಸಿದರು, ಚೆಂಡು ಬ್ಯಾಟಿಗೆ ಸರಿಯಾಗಿ ತಾಗಿತು. ಸಿಂಗಲ್. ಅವರು ಓಡಿ ಮೊದಲ ಬೇಸ್ ಮುಟ್ಟಿದರು, ಈ ಸಲ ತಮ್ಮ ಕಾಲ ಮೇಲೆಯೇ.